ದೊಡ್ಡ ಆಲದ ಮರಕ್ಕೆ ಹೋದ ಎರಡು ಬಸ್ಸುಗಳು

ಹೊತ್ತುಹೊತ್ತಿಗೆ ಅನ್ನವಿಟ್ಟು, ಈ ಮುದಿ ಕಾಲುಗಳಲ್ಲಿ ಇನ್ನೂ ನಡೆಯುವ ಕಸುವನ್ನು ಉಳಿಸಿರುವ ಶ್ರೀಹರಿಗೆ ಮೊದಲ ನಮಸ್ಕಾರ. ಅಕ್ಷರ ತಿದ್ದಿಸಿದ ಗುರುಗಳಿಗೆ ಅನಂತರದ್ದು. ನನ್ನನ್ನು ಸಾಕಿದ ಬ್ಯಾಡಗಿಗೂ, ಮುಪ್ಪಿನಲ್ಲಿ ಕರೆದು ನೆರಳು ಕೊಟ್ಟ ಬೆಂಗಳೂರಿನ ವಿಜಯನಗರಕ್ಕೂ ಒಟ್ಟಿಗೇ ಕೈಮುಗಿದು, ನಡೆದ ಸಂಗತಿಯನ್ನು ಊರಿನ ಬಂಧುಗಳಿಗೆ ಅರಿಕೆ ಮಾಡುತ್ತೇನೆ.

ಬೆಂಗಳೂರಿನ ಬಸ್ಸು ಗಂಡಹೆಂಡಿರನ್ನು ಬೇರೆ ಮಾಡುತ್ತದೆ. ಮುಂದಿನ ಬಾಗಿಲು ಹೆಂಗಸರಿಗೆ, ಹಿಂದಿನದು ಗಂಡಸರಿಗೆ. ನಡುವಣ ಜನಸಾಗರವನ್ನು ದಾಟಬೇಕಾದರೆ ಸೇತುವೆ ಕಟ್ಟಲು ಕಪಿಸೇನೆಯೇ ಬೇಕು. ನಮ್ಮೂರಿನ ಬಸ್ಸಿಗೆ ಒಂದೇ ಬಾಗಿಲು. ಚಾಲಕನು ನನ್ನ ಹಳೆಯ ವಿದ್ಯಾರ್ಥಿಯಾಗಿದ್ದರೆ ನಾನು ಚಹಾ ಮುಗಿಸುವವರೆಗೆ ಬಸ್ಸು ನಿಂತೇ ಇರುತ್ತಿತ್ತು. ಇಲ್ಲಿ ಬಸ್ಸು ನಿಲ್ಲಬೇಕಾದರೆ ‘ಹೋಲ್ಡಾನ್’ ಎಂದು ಕೂಗಬೇಕು. ಅದು ಈ ನಗರದ ನಿರ್ವಾಹಕರ ಮಂತ್ರ. ಬೇರೆ ಯಾವ ಮಾತಿಗೂ ಬಸ್ಸು ಕಿವಿಗೊಡುವುದಿಲ್ಲ.

ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತನಾಗಿದ್ದ ನನ್ನನ್ನು ವಿಜಯನಗರದ ಸಣ್ಣ ಗುಡಿಯೊಂದರವರು ಸಂಜೆಯ ಪುರಾಣಕ್ಕೆಂದು ಕರೆಸಿಕೊಂಡು, ಗುಡಿಯ ಹಿಂದೆ ಎರಡು ಕೋಣೆಯ ಮನೆ ಕೊಟ್ಟರು. ನನಗೆ ದಿನವೂ ಕೇಳುವ ಜನರಿದ್ದರು. ನನ್ನ ಸಹಧರ್ಮಿಣಿಗೆ ಒಬ್ಬರೂ ಇರಲಿಲ್ಲ. ಬ್ಯಾಡಗಿಯಲ್ಲಿ ಓಣಿಯ ಹೆಂಗಸರು ಮೆಣಸಿನಕಾಯಿಯ ಘಾಟಿಗೆ ಸೀನುತ್ತಲೇ ಕಟ್ಟೆಯ ಮೇಲೆ ಕುಳಿತು ಮಾತಾಡುತ್ತಿದ್ದರು. ಇಲ್ಲಿ ಘಾಟೂ ಇಲ್ಲ, ಕಟ್ಟೆಯೂ ಇಲ್ಲ. ಎದುರುಮನೆಯಾಕೆ ಗ್ರಿಲ್ಲಿನ ಹಿಂದಿನಿಂದ “ಊಟ ಆಯ್ತಾ ಆಂಟಿ?” ಎಂದು ಕೇಳಿ, ಉತ್ತರ ಹೊರಡುವ ಮುನ್ನವೇ ಬಾಗಿಲು ಹಾಕಿಕೊಳ್ಳುತ್ತಿದ್ದಳು.

“ಈ ಊರಾಗ ಮಾತಾಡ್ಲಿಕ್ಕೆ ಒಬ್ಬ ಹೆಣ್ಮಗಳು ಸಿಗಲಿಲ್ಲ ನೋಡ್ರಿ. ಯುಗಾದಿಗೆ ನಾ ಊರಿಗೆ ಹೋಗಾಕಿ, ತಿರುಗಿ ಬರಾಕಿ ಅಲ್ಲ. ನೀವು ಪುರಾಣ ಹೇಳ್ಕೋತ ಇಲ್ಲೇ ಇರ್ರಿ” ಎಂದು ಆಕೆ ನಿಶ್ಚಯಿಸಿಬಿಟ್ಟಳು.

ಆಕೆಯಿಲ್ಲದ ಮನೆಯಲ್ಲಿ ನಾನು ಇರಲಾರೆ. ಒಪ್ಪಿಕೊಂಡ ಪುರಾಣವನ್ನು ನಡುವೆ ಬಿಡಲೂ ಆರೆ. ಆದ್ದರಿಂದ ನಗರದ ಸೊಬಗು ತೋರಿಸಿ ಮನಸ್ಸು ತಿರುಗಿಸಲು ಹೊರಟೆ. ಮೊದಲು ಲಾಲ್‌ಬಾಗ್. “ಹೂವು ಚಲೋ ಅದಾವ. ಆದ್ರ ಅವೂ ಮಾತಾಡೂದಿಲ್ಲ” ಎಂದಳು. ಇನ್ನುಳಿದದ್ದು ಕೆಂಗೇರಿಯ ಆಚೆಯ ದೊಡ್ಡ ಆಲದ ಮರ.

ಕೆಂಗೇರಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಆಕೆ ಬುತ್ತಿಯ ಚೀಲದೊಡನೆ ಮುಂದಿನ ಬಾಗಿಲಲ್ಲಿ ಹತ್ತಿದಳು. ನಾನು ಹಿಂದಕ್ಕೆ ಹೋದೆ. ಯಾವ ಶುಭಕಾರ್ಯಕ್ಕೂ ಬಲಗಾಲನ್ನು ಮೊದಲಿಡುವುದು ನಮ್ಮ ಕ್ರಮ. ಗೃಹಪ್ರವೇಶಕ್ಕೆ ಸಲ್ಲುವುದು ಬಸ್ ಪ್ರವೇಶಕ್ಕೂ ಸಲ್ಲಬೇಕೆಂದು ನನ್ನ ಭಾವನೆ. ಅಂದು ನೂಕಿನಲ್ಲಿ ಎಡಗಾಲು ಮುಂದಾಯಿತು. ಅದನ್ನು ಇಳಿಸಿ ಕಾಲು ಬದಲಿಸತೊಡಗಿದೆ.

“ಹತ್ತಿ ತಾತ, ಡ್ಯಾನ್ಸ್ ಆಮೇಲ್ ಆಡಿ” ಎಂದು ಹಿಂದಿದ್ದ ತರುಣನೊಬ್ಬ ನನ್ನನ್ನು ಬಳಸಿ ಹತ್ತಿಯೇಬಿಟ್ಟ. “ರೈಟ್, ರೈಟ್” ಎಂದಿತು ಒಳಗಿನ ದನಿ. ಆ ಗಳಿಗೆಯಲ್ಲಿ ಮಂತ್ರ ಮರೆತುಹೋಯಿತು. “ದಯಮಾಡಿ ನಿಲ್ಲಿಸುವಂಥವರಾಗಿ” ಎಂದು ಕೂಗಿದೆ. ವಾಕ್ಯ ಮುಗಿಯುವಷ್ಟರಲ್ಲಿ ಬಸ್ಸು ತಿರುವಿನಲ್ಲಿತ್ತು.

ನಿಲ್ದಾಣದ ಕಂಟ್ರೋಲರರ ಬಳಿ ಓಡಿದೆ. ಅವರು ನಿಧಾನಸ್ಥರು. “ಅಜ್ಜಿ ಎಲ್ಲಿಗ್ ಹೋಗ್ತಾರೆ ತಾತ? ಮರ ಓಡೋಗಲ್ಲ, ಅಜ್ಜಿನೂ ಓಡೋಗಲ್ಲ” ಎಂದು ಸಮಾಧಾನ ಹೇಳಿ, ಆ ಬಸ್ಸಿನ ನಿರ್ವಾಹಕನ ಮೊಬೈಲಿಗೆ ಫೋನು ಮಾಡಿದರು. “ಯಜಮಾನ್ರನ್ನ ಬಿಟ್ಟು ಬಂದಿರೋ ಅಜ್ಜಿ ಇದಾರಾ ನೋಡು. ಇದ್ರೆ ಯಜಮಾನ್ರ ಹೆಸ್ರು ಕೇಳು.” ಸ್ವಲ್ಪ ಹೊತ್ತು ಗದ್ದಲ ಕೇಳಿಸಿತು. ಅವರು ನನ್ನತ್ತ ತಿರುಗಿದರು. “ನೀವು ಆಂಜನೇಯಪ್ಪನಾ?”

“ಅಲ್ಲ, ಗಿರಿಧರ.”

“ಹಂಗಾದ್ರೆ ಅದು ಬೇರೆ ಯಾರ್ದೋ ಅಜ್ಜಿ” ಎಂದು ಫೋನಿಟ್ಟರು.

ಮುಂದಿನ ಬಸ್ಸಿನಲ್ಲಿ ಹರಿನಾಮ ಜಪಿಸುತ್ತ ಕುಳಿತೆ. ರಾಮೋಹಳ್ಳಿ ಬರುವ ಹೊತ್ತಿಗೆ ಜಪ ಹೋಗಿ ಹರಕೆಗಳು ಆರಂಭವಾಗಿದ್ದವು. ಈಗ ಈಕೆ ಸಿಕ್ಕರೆ ಸಾಕು, ಊರಿಗೆ ಹೋಗುತ್ತೇನೆಂದರೂ ನಾನೇ ಗಂಟು ಕಟ್ಟಿಕೊಡುತ್ತೇನೆ ಎಂದುಕೊಂಡೆ.

ಮರದ ಕೆಳಗೆ ಏಳೆಂಟು ಹೆಂಗಸರ ಗುಂಪು. ನಡುವೆ ಈಕೆ ರೊಟ್ಟಿ ಹಂಚುತ್ತಿದ್ದಾಳೆ, ಅದರ ಮೇಲೆ ಗುರೆಳ್ಳಿನ ಚಟ್ನಿಪುಡಿ. ಅವಳ ನಗು ಕೇಳಿಸಿತು. ಬೆಂಗಳೂರಿಗೆ ಬಂದ ಮೇಲೆ ನಾನದನ್ನು ಕೇಳಿರಲಿಲ್ಲ.

“ಎಲ್ಲಿ ಹೋಗಿದ್ರೀ?” ಎಂದಳು, ತಪ್ಪಿಸಿಕೊಂಡವನು ನಾನೇ ಎಂಬಂತೆ.

ಅದೇ ಬಸ್ಸಿನಲ್ಲಿ ಈಕೆಯ ಜೊತೆಗೆ ಮರದವರೆಗೂ ಬಂದಿದ್ದ, ರಾಮೋಹಳ್ಳಿಯಲ್ಲಿ ಸೊಪ್ಪು ಬೆಳೆಯುವ ಜಯಮ್ಮ ನಡೆದದ್ದನ್ನು ವಿವರಿಸಿದರು: “ಗಂಡನ್ ಹೆಸ್ರು ಹೇಳ್ಬಾರ್ದಂತೆ ಅಜ್ಜಿ. ಬೆಟ್ಟ ಎತ್ತಿದೋರ ಹೆಸ್ರು ಅಂದ್ರು. ಆಂಜನೇಯ ಅಂದ್ವಿ. ಅವ್ರು ತಲೆ ಅಲ್ಲಾಡ್ಸೋಷ್ಟ್ರಲ್ಲಿ ಆ ಕಂಡಕ್ಟ್ರು ಫೋನಲ್ಲಿ ಹೇಳೇಬಿಟ್ಟ. ಆಮೇಲೆ ಕಿರುಬೆರಳು ತೋರ್ಸಿದ್ರು. ಇಡೀ ಲೇಡೀಸ್ ಸೀಟೇ ಕಿರುಬೆರಳು ಎತ್ಕೊಂಡು ಯೋಚ್ನೆ ಮಾಡ್ತಾ ಕೂತಿತ್ತು. ಅದೇನ್ ತಾತ ನಿಮ್ಮ ಹೆಸ್ರು?”

“ಗಿರಿಧರ.”

“ಅಯ್ಯೋ, ಇಷ್ಟೇನಾ” ಎಂದರು, ತುಂಬಾ ನಿರಾಶೆಯಿಂದ.

ಊಟವಾದ ಮೇಲೆ ಮರ ತೋರಿಸಿದೆ. ತಾಯಿಬೊಡ್ಡೆ ಅಳಿದರೂ ಬಿಳಲುಗಳೇ ಬೊಡ್ಡೆಗಳಾಗಿ ನಿಂತಿರುವ ಮಹಿಮೆಯನ್ನು ಪುರಾಣದ ಧಾಟಿಯಲ್ಲಿ ವರ್ಣಿಸಿದೆ. ಈಕೆ ತಲೆಯೆತ್ತಿ ನೋಡಿ, “ಎಷ್ಟ್ ಹಗ್ಗಾ ಕಟ್ಟಿ ಅರಿವಿ ಒಣಗಿಸಬಹುದಲ್ರೀ” ಎಂದಳು. ಜಯಮ್ಮ ಪ್ರತಿ ಗುರುವಾರ ವಿಜಯನಗರದ ಮಾರುಕಟ್ಟೆಗೆ ಸೊಪ್ಪು ತರುತ್ತಾರೆಂದೂ, ಮನೆಗೆ ಕರೆದಿದ್ದೇನೆಂದೂ ಹೇಳಿದಳು.

“ಯುಗಾದಿಗೆ ಊರು?” ಎಂದು ಅಂಜುತ್ತ ಕೇಳಿದೆ.

“ಹೋಗೂಣು. ನಾಕ್ ದಿನ ಇದ್ದು ಬರೂಣು. ಸೊಪ್ಪು ತಂದಾಕಿ ಬಾಗಲಾ ಬಡದು ಹೋಗಬಾರ್ದಲ್ಲ.”

ಮರಳುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಮುಂದುಗಡೆ ಈಕೆ ಯಾರಿಗೋ “ನಮ್ಮ ವಿಜಯನಗರದಾಗ...” ಎಂದು ಹೇಳುತ್ತಿದ್ದುದು ಕೇಳಿಸಿತು. ಬಯಸಿದ್ದು ಅದನ್ನೇ, ಆದರೂ ಆ ‘ನಮ್ಮ’ ಕಿವಿಗೆ ಬಿದ್ದಾಗ ನಾನೊಬ್ಬನೇ ಎಲ್ಲೋ ಹಿಂದೆ ಉಳಿದೆನೇನೋ ಅನ್ನಿಸಿತು. ಆಗಲೇ ನಿರ್ವಾಹಕ, “ಎಲ್ಲಿಗೆ ತಾತ?” ಎಂದ.

“ಬ್ಯಾಡಗಿ” ಎಂದಿತು ನನ್ನ ಬಾಯಿ.

ಆತ ಕೆಂಗೇರಿಯ ಟಿಕೆಟ್ ಹರಿದು ಕೊಟ್ಟ. “ಈ ಬಸ್ಸು ಕೆಂಗೇರಿವರೆಗೆ ತಾತ. ಅಲ್ಲಿಂದ ಮುಂದಕ್ಕೆ ನೀವೇ ನೋಡ್ಕೊಳ್ಳಿ.”

ಆ ನಿರ್ವಾಹಕನಿಗೆ, ನಿಧಾನಸ್ಥ ಕಂಟ್ರೋಲರರಿಗೆ, ನನ್ನನ್ನು ದಾಟಿ ಹತ್ತಿದ ತರುಣನಿಗೆ, ಜಯಮ್ಮನ ಸೊಪ್ಪಿನ ಮಡಿಗಳಿಗೆ, ಕಿರುಬೆರಳೆತ್ತಿ ಕುಳಿತ ಆ ತಾಯಂದಿರೆಲ್ಲರಿಗೆ ಶ್ರೀಹರಿಯು ಆಯುರಾರೋಗ್ಯವನ್ನೂ, ಕೂರಲು ಕಿಟಕಿಯ ಪಕ್ಕದ ಸೀಟನ್ನೂ ಕರುಣಿಸಲಿ.