ನೀಲಿ ಹಾಳೆಯಲ್ಲೊಂದು ಗುಡ್ಡೆ

ಪುಟ್ಟೇನಹಳ್ಳಿ ಕೆರೆಯ ತೂಬು ಎತ್ತಿ ಇಳಿಸಿದ ವಂಶ ಚಿನ್ನಪ್ಪನದು. ಮುತ್ತಾತ ದೊಡ್ಡಯಲ್ಲಯ್ಯ ಆ ಊರಿನ ನೀರಗಂಟಿ. ಒಂದು ಮಳೆಗಾಲದಲ್ಲಿ ತೂಬಿನ ಬಾಯಿಗೆ ಮರದ ಬೊಡ್ಡೆ ಸಿಕ್ಕಿಕೊಂಡಾಗ ಬೆಳಗಿನಿಂದ ಬೈಗಿನವರೆಗೆ ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಅದನ್ನು ಸೀಳಿ ತೆಗೆದವನು. ತಾತ ಬೈಲಪ್ಪ, ಗೌಡರ ಗದ್ದೆಗೂ ಬಡವರ ಗದ್ದೆಗೂ ಹೊತ್ತು ಅಳೆಯುವ ಒಂದೇ ಗಳಿಗೆ ಬಟ್ಟಲಿಟ್ಟು ನೀರು ಹಂಚಿದವನು. ಗೌಡರ ಕಡೆಯವರ ಏಟಿಗೆ ಬೆನ್ನ ಮೇಲೆ ಬಾಸುಂಡೆ ಎದ್ದರೂ ಬಟ್ಟಲು ಬದಲಾಯಿಸಲಿಲ್ಲ. ಅಜ್ಜಿ ರುದ್ರಮ್ಮ ಏಳೂರಿಗೆ ಸೂಲಗಿತ್ತಿ. ಅವಳನ್ನು ಹಿತ್ತಲ ಬಾಗಿಲಿನಿಂದಲೇ ಒಳಗೆ ಕರೆಸಿಕೊಂಡ ಮನೆಗಳಲ್ಲಿ ಅವಳು ಅಂಗೈಯಲ್ಲಿ ಹಿಡಿದ ಕೂಸುಗಳು, ದೊಡ್ಡವರಾಗಿ ಮುಂಬಾಗಿಲಲ್ಲಿ ಕುಳಿತು ಊರಿಗೆ ನ್ಯಾಯ ಹೇಳಿದವು. ಅಪ್ಪ ಮಾರಯ್ಯನ ಕಾಲಕ್ಕೆ ಗದ್ದೆಗಳೆಲ್ಲ ಬಡಾವಣೆಗೆ ಹೋದವು. ಸರ್ವೆಯವರು ಬಂದಾಗ ಊರಿನ ಗಡಿಕಲ್ಲುಗಳನ್ನು ಒಂದೊಂದಾಗಿ ಕೈಯಿಟ್ಟು ತೋರಿಸಿದವನು ಮಾರಯ್ಯ. ತನ್ನದೇ ಮೂರು ಗುಂಟೆ ಹೋಗುತ್ತದೆಂದು ಗೊತ್ತಿದ್ದೂ ಕಲ್ಲು ಕದಲಿಸಲಿಲ್ಲ.

ಹೀಗಾಗಿ ಚಿನ್ನಪ್ಪನಿಗೆ ಉಳಿದದ್ದು ಊರೊಳಗಿನ ನಾಡಹೆಂಚಿನ ಮನೆ ಮತ್ತು ಅದರ ಹಿಂದೆ ಒಂದು ತುಂಡು ಹಿತ್ತಲು. ಕೆಲಸ ಮಾತ್ರ ನೀರಿನದೇ ಸಿಕ್ಕಿತು. ಜಯನಗರದ ಬೀದಿಗಳಲ್ಲಿ ನಲ್ಲಿ ನೀರಿನ ವಾಲ್ವು ತಿರುಗಿಸುವ ಕೆಲಸ.

ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಅವನ ಹೆಂಡತಿ ನಾಗಲಕ್ಷ್ಮಮ್ಮ ಕಾಮಾಲೆ ಹತ್ತಿ ಒಂಬತ್ತು ದಿನಕ್ಕೆ ತೀರಿಕೊಂಡಳು. ಹಿರೀಕರನ್ನು ಹೂಳುತ್ತಿದ್ದ ಜಾಗ ಆ ಹೊತ್ತಿಗೆ ಬಡಾವಣೆಯ ರಸ್ತೆಯಾಗಿತ್ತು. ಹಿತ್ತಲ ಮೂಲೆಯಲ್ಲೇ ಹೂತರು. ಮೂರನೆಯ ದಿನ ಹಾಲುತುಪ್ಪ ಬಿಟ್ಟರು. ಅವನ ಜನ ಹೂತ ಜಾಗಕ್ಕೆ ಗುಡ್ಡೆ ಎನ್ನುತ್ತಾರೆ, ಬೇರೆ ಹೆಸರಿಲ್ಲ. ಕಲ್ಲು ನೆಡಬೇಕೆಂದುಕೊಂಡರೂ ಆಗಲಿಲ್ಲ. ಮಣ್ಣಿನ ಮೇಲೆ ಗರಿಕೆ ಹಬ್ಬಿತು.

ಅಂದಿನಿಂದ ಚಿನ್ನಪ್ಪ ಮರಗಟ್ಟಿಹೋದ. ಅಳಲಿಲ್ಲ, ಕುಡಿಯಲಿಲ್ಲ, ಯಾರ ಮೇಲೂ ರೇಗಲಿಲ್ಲ. ಸಾರಿಗೆ ಉಪ್ಪು ಹಾಕಲು ಮರೆತ ದಿನ ಮಗಳು ಅಣ್ಣಮ್ಮ ನಾಲಗೆ ಕಚ್ಚಿಕೊಂಡರೆ, ಅವನು ಅದನ್ನೇ ಉಂಡು ಎದ್ದುಹೋಗಿದ್ದ. "ಅಪ್ಪೋ, ನಾಳೆ ಬೂದಿ ಕಲಸಿ ಇಕ್ತೀನಿ, ಅದ್ನೂ ಉಂತೀಯ" ಎಂದು ಅವಳು ರೇಗಿಸಿದರೆ, "ಇಕ್ಕವ್ವ" ಎಂದ.

ಎರಡನೆಯ ಮಳೆಗಾಲಕ್ಕೆ ಮನೆಯ ಪಡುವಣ ಗೋಡೆ ಕುಸಿಯಿತು. ಅಣ್ಣಮ್ಮ ಗೋಣಿತಾಟು ಕಟ್ಟಿ ಅದರ ಮರೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದಳು. ಅವಳನ್ನು ನೋಡಲು ಬೇಗೂರಿನಿಂದ ಬಂದವರು ಗೋಣಿತಾಟು ನೋಡಿ ಎದ್ದುಹೋದರು. ಅವಳಿಗಾದರೂ ನೆಟ್ಟಗಿನ ಮನೆ ಬೇಕು ಎಂಬುದೊಂದೇ ಚಿನ್ನಪ್ಪನ ತಲೆಯಲ್ಲಿ ನಿಂತಿತು. ಹೊಸ ಮನೆಗೆ ಪ್ಲಾನು ಪಾಸಾಗಬೇಕು. ಇಲ್ಲದಿದ್ದರೆ ಕಟ್ಟಿದ್ದನ್ನು ಒಡೆಯುತ್ತಾರೆ ಎಂದು ಊರಿನವರು ಹೆದರಿಸಿದ್ದರು.

ಅವನು ನೀರು ಬಿಡುವ ಬೀದಿಯಲ್ಲೇ ಚಕ್ರಪಾಣಿ ಇದ್ದರು. ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಮನೆ ಕಟ್ಟುವವರಿಗೆ ಪ್ಲಾನು ಬರೆದುಕೊಟ್ಟು ಕಚೇರಿಯಲ್ಲಿ ಮಂಜೂರು ಮಾಡಿಸುತ್ತಿದ್ದರು. ಮಾತು ಜಾಸ್ತಿ, ಕೈ ಶುದ್ಧ.

"ಬಾಪ್ಪ ಭಗೀರಥ! ನೀನು ಮನಸ್ಸು ಮಾಡಿದ್ರೆ ತಾನೇ ನಮ್ಮನೇಲಿ ಸ್ನಾನ. ಮೊನ್ನೆ ವಾಲ್ವು ತಿರುಗ್ಸಿ ಮರ್ತುಬಿಟ್ಟು ಬೀದಿನೆಲ್ಲ ತೊಳೆದ್ಯಲ್ಲ, ಏನು ವಿಷ್ಯ?"

"ಮನೆ ಕಟ್ಬೇಕು ಸಾರ್."

"ಕಟ್ಟೋಣ. ನಾನಿದ್ದೀನಿ."

ಮುಂದಿನ ಭಾನುವಾರ ಚಕ್ರಪಾಣಿ ಟೇಪು ಹಿಡಿದು ಪುಟ್ಟೇನಹಳ್ಳಿಗೆ ಬಂದರು. ಒಂದು ತುದಿ ಅಣ್ಣಮ್ಮನ ಕೈಗೆ ಕೊಟ್ಟು ಅಳೆದರು. ಮುಂದೆ ಇಷ್ಟು ಬಿಡಬೇಕು, ಪಕ್ಕಕ್ಕೆ ಇಷ್ಟು ಬಿಡಬೇಕು, ಒಳಚರಂಡಿ ಇನ್ನೂ ಬಂದಿಲ್ಲವಾದ್ದರಿಂದ ಸೆಪ್ಟಿಕ್ ಟ್ಯಾಂಕ್ ತೋರಿಸದೆ ಪಾಸಾಗುವುದಿಲ್ಲ ಎಂದು ವಿವರಿಸಿದರು. ಚಿನ್ನಪ್ಪ ಎಲ್ಲಕ್ಕೂ ತಲೆಯಾಡಿಸಿದ. ಕೊನೆಗೆ ಮೂಲೆಯ ಕಡೆ ಕೈ ತೋರಿಸಿ ಒಂದೇ ಮಾತು ಹೇಳಿದ.

"ಅಲ್ಲೊಂದು ಗುಡ್ಡೆ ಐತೆ ಸಾರ್. ನಮ್ಮನೆಯವಳ್ದು."

ಹೆಂಡತಿ ಸತ್ತದ್ದು ಚಕ್ರಪಾಣಿಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ನೀರಿನ ವಿಷಯ ಬಿಟ್ಟು ಅವರು ಬೇರೆ ಮಾತಾಡಿದವರಲ್ಲ. ಹೆಂಗಸರು ಹಿತ್ತಲಲ್ಲಿ ಬೂದಿ, ಸಗಣಿ, ಕಸ ಗುಡ್ಡೆ ಹಾಕುವುದನ್ನು ಹಳ್ಳಿಮನೆಗಳಲ್ಲಿ ಕಂಡಿದ್ದರು.

"ಅದ್ರ ಯೋಚ್ನೆ ನಂಗೆ ಬಿಡು. ಒಂದು ವ್ಯವಸ್ಥೆ ಮಾಡ್ತೀನಿ" ಎಂದು ಚೀಟಿಯಲ್ಲಿ ಗುರುತು ಹಾಕಿಕೊಂಡರು.

ಬರಹ ಬಲ್ಲವರು ವ್ಯವಸ್ಥೆ ಮಾಡುತ್ತಾರೆಂದು ಚಿನ್ನಪ್ಪ ನಂಬಿದ. ಅಪ್ಪನೂ ಮಗಳೂ ಆ ವಿಷಯ ಮತ್ತೆ ಎತ್ತಲಿಲ್ಲ.

ಆಮೇಲಿನ ಎಂಟು ತಿಂಗಳು ಅವನಿಗೆ ಒಂದೇ ದಿನದಂತೆ ಕಳೆದವು. ಬೆಳಗ್ಗೆ ವಾಲ್ವು, ಆಮೇಲೆ ಕಚೇರಿಯ ಬೆಂಚು. ಖಾತೆಯ ನಕಲು ತಾ ಎಂದರು, ತಂದ. ಕಂದಾಯದ ರಸೀದಿ ಹಳೆಯದಾಯಿತು ಎಂದರು, ಹೊಸದು ತಂದ. ಅಪ್ಪನ ಹೆಸರು ಒಂದು ಕಡೆ ಮಾರಯ್ಯ, ಇನ್ನೊಂದು ಕಡೆ ಮಾರಣ್ಣ ಎಂದಿದ್ದದ್ದಕ್ಕೆ ಅಫಿಡವಿಟ್ಟಿಗೆ ಹೆಬ್ಬೆಟ್ಟು ಒತ್ತಿದ. ಬೆಂಚಿನ ಎದುರು ಗೋಡೆಯಲ್ಲಿ ಒಂದು ಹಲ್ಲಿ ಇರುತ್ತಿತ್ತು. ಅದು ಕದಲಿದರೆ ನೋಡುತ್ತಿದ್ದ, ಕದಲದಿದ್ದರೂ ನೋಡುತ್ತಿದ್ದ. ಗುಮಾಸ್ತರು ಗದರಿದರೆ ಎದ್ದು ನಿಲ್ಲುತ್ತಿದ್ದ. ಅವನ ಬದಲಿಗೆ ಚಕ್ರಪಾಣಿಯೇ ಜಗಳವಾಡುತ್ತಿದ್ದರು. "ಇವ್ನಿಗೆ ಬೈದ್ರೆ ಏನೂ ಅನ್ನಲ್ಲ. ನಂಗೆ ಬೈದು ನೋಡಿ!"

ಎಂಬತ್ತೆರಡರ ಯುಗಾದಿಯ ಮಾರನೆಯ ವಾರ ಪ್ಲಾನು ಪಾಸಾಯಿತು. ಚಕ್ರಪಾಣಿ ನೀಲಿ ಹಾಳೆಯ ಸುರುಳಿಯನ್ನು ಸೈಕಲ್ಲಿನಲ್ಲಿ ಸಿಕ್ಕಿಸಿಕೊಂಡು ತಾವೇ ಮನೆಗೆ ತಂದರು. ಕಟ್ಟೆಯ ಮೇಲೆ ಬಿಚ್ಚಿ ನಾಲ್ಕು ಮೂಲೆಗೆ ಕಲ್ಲಿಟ್ಟರು. ಮೊಹರು ಇನ್ನೂ ನೇರಳೆ ಬಣ್ಣದಲ್ಲಿ ಹೊಳೆಯುತ್ತಿತ್ತು. ಅಣ್ಣಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಬಗ್ಗಿದಳು.

"ಇದು ನಡುಮನೆ. ಇದು ನಿನ್ನ ಅಡುಗೆಮನೆ ಕಣಮ್ಮ, ಎರಡು ಕಿಟಕಿ ಇಟ್ಟಿದ್ದೀನಿ. ಇಲ್ಲಿ ಬಚ್ಚಲು."

"ಇದೇನು ಸಾರ್, ಮೂಲೇಲಿ ಗುಂಡಗೆ ಬರ್ದು ಅಡ್ಡಗೀರು ಹೊಡ್ದಿದ್ದೀರ?"

"ಅದೇ ನಿಮ್ಮಪ್ಪ ಹೇಳಿದ ಗುಡ್ಡೆ! 'ಮಣ್ಣಿನ ಗುಡ್ಡೆ, ತೆಗೆದು ಮಟ್ಟ ಮಾಡತಕ್ಕದ್ದು' ಅಂತ ಇಂಗ್ಲಿಷಲ್ಲಿ ಬರ್ದಿದೀನಿ. ಅದ್ರ ಜಾಗದಲ್ಲೇ ಸೆಪ್ಟಿಕ್ ಟ್ಯಾಂಕ್ ಕೂರಿಸ್ದೆ. ಬೇರೆಲ್ಲೂ ಅಳತೆ ಬರ್ತಿರ್ಲಿಲ್ಲ. ನಿಮ್ಮಮ್ಮ ಎಲ್ಲಿ? ಕರಿ. ಗೊಬ್ಬರಕ್ಕೆ ಬೇರೆ ಜಾಗ ತೋರಿಸ್ತೀನಿ."

ಅಣ್ಣಮ್ಮ ಅಪ್ಪನ ಮುಖ ನೋಡಿದಳು. ಚಿನ್ನಪ್ಪ ಹಾಳೆಯನ್ನೇ ನೋಡುತ್ತಿದ್ದ. ಎದೆಯೊಳಗೆ ಏನಾದರೂ ಆಗಬೇಕಿತ್ತು, ಆಗಲಿಲ್ಲ.

"ಅದು ನಮ್ಮವ್ವನ್ನ ಮಣ್ಣು ಮಾಡಿರೋ ಜಾಗ ಸಾರ್" ಎಂದಳು ಅಣ್ಣಮ್ಮ. "ಗುಡ್ಡೆ ಅಂದ್ರೆ ಅದೇಯ."

ಚಕ್ರಪಾಣಿಯ ಬೆರಳು ಇನ್ನೂ ಆ ಗುಂಡು ಗುರುತಿನ ಮೇಲಿತ್ತು. ಬಿಸಿ ಹಂಚು ಮುಟ್ಟಿದವರಂತೆ ಎಳೆದುಕೊಂಡರು.

"ಚಿನ್ನಪ್ಪ... ಸಮಾಧಿ ಅಂತ ಹೇಳಬಾರದಿತ್ತೇನಪ್ಪ?"

"ಹೇಳ್ದೆ ಸಾರ್."

ಒಂದು ಕೋಳಿ ಹಾಳೆಯ ಅಂಚು ತುಳಿದು ಹೋಯಿತು. ಯಾರೂ ಓಡಿಸಲಿಲ್ಲ. ಚಕ್ರಪಾಣಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

"ತಪ್ಪು ನಂದು. ಇನ್ನೊಂದು ಪ್ಲಾನು ಹಾಕ್ತೀನಿ, ನಾನೇ ಓಡಾಡ್ತೀನಿ. ಟ್ಯಾಂಕಿಗೆ ಜಾಗ ಮಾಡೋಕೆ ಬಚ್ಚಲು ಚಿಕ್ಕದು ಮಾಡೋಣ. ಆದ್ರೆ ಸಮಾಧಿ ಅಂತ ಬರೆದ್ರೆ ಕಚೇರೀಲಿ ಒಪ್ಪಲ್ಲ, ಮನೆ ಜಾಗದಲ್ಲಿ ಇಡಬಾರದು ಅಂತಾರೆ. ತುಳಸಿಕಟ್ಟೆ ಅಂತ ಬರೀತೀನಿ. ನೋಡೋಕೆ ಬಂದ್ರೆ ಒಂದು ಗಿಡ ನೆಟ್ಟು ನಾಲ್ಕು ಇಟ್ಟಿಗೆ ಇಡಿ, ಸಾಕು. ಬೆಳಗ್ಗೆ ಅರಿಶಿನ ಕುಂಕುಮಾನೂ ಬೀಳುತ್ತೆ. ಆಗಬಹುದಾ?"

ಅಣ್ಣಮ್ಮ ಗೋಣಿತಾಟಿನ ಕಡೆ ಒಮ್ಮೆ ನೋಡಿ, "ನಿನ್ನಿಷ್ಟ ಅಪ್ಪ" ಎಂದಳು.

ಚಿನ್ನಪ್ಪ ನಾಲ್ಕು ಕಲ್ಲನ್ನೂ ಎತ್ತಿ ಪಕ್ಕಕ್ಕಿಟ್ಟ. ಹಾಳೆಯನ್ನು ಮಡಿಕೆ ಬೀಳದಂತೆ ಸುತ್ತಿ, ಎರಡೂ ಕೈಯಲ್ಲಿ ಚಕ್ರಪಾಣಿಯವರ ಮುಂದೆ ಹಿಡಿದ.

"ಬ್ಯಾಡಿ ಸಾರ್. ನಿಮ್ಮ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ನೀವು ಓಡಾಡಿದ್ದು ಸಾಕು. ನಾಗಲಕ್ಷ್ಮಿ ಅಂತ ಬರೆಯಕ್ಕಾಗಲ್ಲ ಅಂದ್ಮೇಲೆ ಏನೂ ಬರೀಬ್ಯಾಡಿ. ನಾವು ಹಿಂಗೇ ಇರ್ತೀವಿ."