ಅದೇ ಗಾಡಿ, ಅದೇ ದಾರಿ

ಪರದೇಶದ ನಮ್ಮ ಈ ಊರು ಸಮಾಮಿಶ್‌ನಲ್ಲಿ ಎಲೆ ಉದುರುವ ಕಾಲ ಬಂತೆಂದರೆ ಬೆಳಗಾಗುತ್ತಿದ್ದಂತೆ ಯಾರದಾದರೂ ಮನೆಯ ಮುಂದೆ ಎಲೆ ಊದುವ ಯಂತ್ರ ಬೊಬ್ಬೆ ಹೊಡೆಯಲು ಶುರುಮಾಡುತ್ತದೆ. ಈ ಸಲ ಎದುರು ಮನೆಯ ಡ್ರೈವ್‌ವೇಯಲ್ಲಿ ಒಬ್ಬ ಅದನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದ. ನಾನು ಕಾಫಿ ಲೋಟ ಹಿಡಿದು ಗ್ಯಾರೇಜಿನ ಬಾಗಿಲು ತೆಗೆದದ್ದೇ ತಡ, ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟ ಆ ನೀಲಿ ಹೊಗೆ ಮೂಗಿಗೆ ಬಡಿಯಿತು. ಮಿಕ್ಕವರಿಗೆ ಅದು ತಲೆನೋವಿನ ವಾಸನೆ. ನನಗೆ ಮಾತ್ರ ಹಿಮ, ಹೆಲ್ಮೆಟ್ಟು, ಆ ಮನೆಯಲ್ಲಿದ್ದ ಅಣ್ಣ… ಬಾಗಿಲು ಮುಚ್ಚಿಕೊಂಡು ಒಳಗೆ ಬಂದೆ. ಕಾಫಿ ಸೇರಲಿಲ್ಲ.

ಅಣ್ಣ ಎಂದರೆ ಒಡಹುಟ್ಟಿದವರಲ್ಲ. ಎದುರು ಮನೆಯವರು, ಮೈಸೂರಿನವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಇಲ್ಲೇ ಹತ್ತಿರದ ಫ್ರೀಮಾಂಟ್‌ನ ಒಂದು ಆಫೀಸಿನಲ್ಲಿ, ಸಾಫ್ಟ್‌ವೇರ್ ಎಷ್ಟು ವೇಗವಾಗಿ ಓಡುತ್ತದೆ ಎಂದು ಪರೀಕ್ಷೆ ಮಾಡುವ ಕೆಲಸ. ಆ ಚಾಳಿ ಮನೆಗೂ ಬಂದಿತ್ತು. ಎರಡು ಅಂಗಡಿಗಳಿಂದ ಇಡ್ಲಿ ರವೆ ತಂದು, ರುಬ್ಬಿದ ಉದ್ದನ್ನು ಸಮಪಾಲು ಮಾಡಿ ಎರಡಕ್ಕೂ ಬೆರೆಸಿ, ಒಂದೇ ಕುಕ್ಕರಿನಲ್ಲಿ ಬೇಯಿಸಿ ತೀರ್ಪು ಕೊಡುವವರು ಅವರು. “ಒಂದನ್ನ ಮಾತ್ರ ಬದಲಾಯಿಸ್ಬೇಕಮ್ಮ, ಮಿಕ್ಕಿದ್ದೆಲ್ಲ ಹಾಗೇ ಇರ್ಬೇಕು. ಆಗ್ಲೇ ನಿಜ ಗೊತ್ತಾಗೋದು” ಎನ್ನುತ್ತಿದ್ದರು. ಇಡ್ಲಿ ಆರಿ ಹೋಗುತ್ತಿದೆ, ಮೊದಲು ತಿನ್ನಿ ಎಂದು ಅವರ ಹೆಂಡತಿ, ನನ್ನ ಪಾಲಿನ ಅತ್ತಿಗೆ, ಗೊಣಗುತ್ತಿದ್ದರು.

ಕಾಯಿಲೆ ಎಡಗೈಯಿಂದ ಶುರುವಾಯಿತು. ಮೊದಲು ಬಾಟಲಿಯ ಮುಚ್ಚಳ, ಆಮೇಲೆ ಅಂಗಿಯ ಗುಂಡಿ. ಸ್ನಾಯುಗಳು ಒಂದೊಂದಾಗಿ ಕೈಕೊಡುತ್ತವೆ, ವಾಸಿಮಾಡುವ ಔಷಧಿ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ನಮ್ಮವರು ಬಂದು ಹೋಗಿ ಮಾಡಿದರು. ಒಬ್ಬರು ಕೇರಳದ ಎಣ್ಣೆ ತಂದರು, ಒಬ್ಬರು ಹೋಮ ಮಾಡಿಸಿ ಎಂದರು, ಪಾಸಿಟಿವ್ ಆಗಿರಿ ಎಂದು ಎಲ್ಲರೂ ಹೇಳಿದರು. ನನಗೆ ಮೈ ಉರಿಯುತ್ತಿತ್ತು. ಅಣ್ಣ ಮಾತ್ರ ಎಲ್ಲದಕ್ಕೂ ತಲೆಯಾಡಿಸಿ ಕೂತಿರುತ್ತಿದ್ದರು.

ಅವರಿಗೆ ಬೇಕಾಗಿದ್ದು ಒಂದೇ. ಕೈ ಪೂರ್ತಿ ಹೋಗುವ ಮೊದಲು ಒಂದೇ ಒಂದು ಸಲ, ಯಾರ ಸಹಾಯವೂ ಇಲ್ಲದೆ, ಒಬ್ಬರೇ ಗಾಡಿ ಓಡಿಸಿಕೊಂಡು ಒಂದು ಬೆಟ್ಟ ಹತ್ತಬೇಕು. ಕಾಲೇಜಿನ ದಿನಗಳಲ್ಲಿ ಹಳೆಯ ಟೂ-ಸ್ಟ್ರೋಕ್ ಬೈಕಿನಲ್ಲಿ ಚಾಮುಂಡಿ ಬೆಟ್ಟ ಹತ್ತುತ್ತಿದ್ದರಂತೆ. ಈಗ ಬೈಕಿನ ಕ್ಲಚ್ ಹಿಡಿಯಲು ಎಡಗೈಯಲ್ಲಿ ಬಲವಿಲ್ಲ. ಆಗ ಅವರಿಗೆ ಹೊಳೆದದ್ದು ಹಿಮದ ಮೇಲೆ ಓಡುವ ಗಾಡಿ, ಸ್ನೋಮೊಬೈಲು. ಅದಕ್ಕೆ ಕ್ಲಚ್ ಹಿಡಿಯುವ ಗೋಜಿಲ್ಲ, ಗೇರ್ ಹಾಕುವ ಗೋಜಿಲ್ಲ. ಬಲ ಹೆಬ್ಬೆರಳಲ್ಲಿ ಥ್ರಾಟಲ್ ಒತ್ತಿದರೆ ಹೋಗುತ್ತದೆ, ಎಡಗೈಯ ಎರಡು ಬೆರಳಲ್ಲಿ ಬ್ರೇಕ್ ಎಳೆದರೆ ನಿಲ್ಲುತ್ತದೆ. ಇದನ್ನು ನನಗೆ ವಿವರಿಸಿದ ದಿನ ಅವರ ಮುಖ ನೋಡಬೇಕಿತ್ತು…

ಸ್ನೋಕ್ವಾಲ್ಮಿ ಪಾಸ್ ಎಂಬ ಘಟ್ಟ ದಾಟಿ ಪೂರ್ವಕ್ಕಿಳಿದರೆ ಈ ಗಾಡಿಗಳನ್ನು ಬಾಡಿಗೆಗೆ ಕೊಡುವ ಒಂದು ಜಾಗವಿದೆ. ಅಲ್ಲಿಂದ ಕಾಡಿನೊಳಗೆ ಹಿಮ ತಟ್ಟಿ ಮಾಡಿದ ದಾರಿ. ಕೆಳಗೊಂದು ಸಣ್ಣ ಸುತ್ತು. ಅದನ್ನು ಬಿಟ್ಟು ಮೇಲಕ್ಕೆ ತಿರುಗಿದರೆ ಬೆಟ್ಟದ ತುದಿ, ಅಲ್ಲಿಂದ ಕೆರೆ ಕಾಣುತ್ತದೆ. ಅತ್ತಿಗೆಗೆ ಹಿಮದಲ್ಲಿ ಕಾರು ಓಡಿಸಲು ಭಯ, ಹಾಗಾಗಿ ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ನಾನೋ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವವಳು. ಅಳತೆಯ ಹುಚ್ಚಿನ ಇಬ್ಬರು ಮುಂದೆ, ಫ್ಲಾಸ್ಕಿನಲ್ಲಿ ತಿಳಿಸಾರು ಹಿಡಿದ ಅತ್ತಿಗೆ ಹಿಂದೆ.

ಮೊದಲನೆಯ ಚಳಿಗಾಲವೆಲ್ಲ ಹೋಲಿಕೆಯಲ್ಲೇ ಕಳೆಯಿತು. ಪ್ರತಿ ಸಲ ಬೇರೆ ಗಾಡಿ, ಆದರೆ ಅದೇ ಸಣ್ಣ ಸುತ್ತು, ಅದೇ ಜಾಕೆಟ್ಟು, ಅದೇ ಕೈಗವಸು. ಫೋರ್-ಸ್ಟ್ರೋಕ್ ಗಾಡಿ ಸದ್ದು ಮಾಡುತ್ತಿರಲಿಲ್ಲ, ಪೆಟ್ರೋಲ್ ಕಡಿಮೆ ಕುಡಿಯುತ್ತಿತ್ತು, ಸೀಟು ಸೋಫಾದ ಹಾಗಿತ್ತು. ತಿರುವಿನಲ್ಲಿ ಮಾತ್ರ ಮದುವೆ ಮನೆಯ ಕೊಪ್ಪರಿಗೆ ಎಳೆದ ಹಾಗೆ ಎಳೆಯಬೇಕು. ಬೆಟ್ಟದ ಆಳದ ಹಿಮಕ್ಕೆಂದೇ ಮಾಡಿದ ಗಾಡಿಗೆ ಶಕ್ತಿ ವಿಪರೀತ. ಹೆಬ್ಬೆರಳು ತಾಗಿಸಿದರೆ ಹಾರುತ್ತದೆ, ತಿರುಗಿಸಬೇಕಾದರೆ ಎದ್ದು ನಿಂತು ಮೈಭಾರವನ್ನೆಲ್ಲ ಒಂದು ಕಡೆಗೆ ಹಾಕಬೇಕು, ಪೆಟ್ರೋಲನ್ನಂತೂ ನೀರಿನ ಹಾಗೆ ಕುಡಿಯುತ್ತದೆ. ಕೊನೆಗೆ ಸಿಕ್ಕಿದ್ದು ಸಣ್ಣದೊಂದು ಟೂ-ಸ್ಟ್ರೋಕ್. ವೇಗ ಸಾಧಾರಣ, ಹೊಗೆ ಜಾಸ್ತಿ, ಅದೇ ಆಯಿಲ್ ಬೆರೆಸಿ ಸುಟ್ಟ ನೀಲಿ ಹೊಗೆ. ಆದರೆ ಹ್ಯಾಂಡಲ್ ಎರಡು ಬೆರಳಿಗೆ ತಿರುಗುತ್ತದೆ ಎಂದು ಅಣ್ಣ ಹೆಲ್ಮೆಟ್ ತೆಗೆಯುವ ಮೊದಲೇ ಕೂಗಿ ಹೇಳಿದರು.

ಪ್ರತಿ ಸಲವೂ ಹೊರಡುವ ಮೊದಲು ಟ್ಯಾಂಕ್ ಕಂಠಪೂರ್ತಿ ತುಂಬಿಸಿ, ಬಂದ ಮೇಲೆ ಮತ್ತೆ ತುಂಬಿಸಿ, ಎಷ್ಟು ಹಿಡಿಯಿತು ಎಂದು ಕೇಳುತ್ತಿದ್ದರು. ಬಾಡಿಗೆಗೆ ಕೊಡುವ ಹೆಂಗಸಿಗೆ ನಗು. ಇಲ್ಲಿಗೆ ಬರುವವರು ಎಷ್ಟು ಜೋರಾಗಿ ಹೋಗುತ್ತದೆ ಎಂದು ಕೇಳುತ್ತಾರೆ, ಮೈಲೇಜ್ ಕೇಳಿದವರು ನೀವೊಬ್ಬರೇ ಎಂದಳು. ಅಣ್ಣನೂ ನಕ್ಕರು. ವಾಪಸು ಬರುವ ದಾರಿಯುದ್ದಕ್ಕೂ ಕಾರಿನಲ್ಲಿ ಅವರ ತೀರ್ಪು ಓದುವಿಕೆ ನಡೆಯುತ್ತಿತ್ತು. ಲೀಟರಿಗೆ ಇಷ್ಟು, ತಿರುವಿಗೆ ಇಷ್ಟು ಅಂಕ, ಬ್ರೇಕಿಗೆ ಇಷ್ಟು.

ಆ ಟೂ-ಸ್ಟ್ರೋಕ್ ಸಿಕ್ಕಿದ ದಿನ ಆಕಾಶ ತಿಳಿಯಾಗಿತ್ತು. ಅತ್ತಿಗೆ ಅವರ ತೋಳು ಹಿಡಿದು ಹೇಳಿದರು: “ಇವತ್ತೇ ಮೇಲಕ್ಕೆ ಹೋಗ್ಬಿಟ್ಟು ಬನ್ರೀ.” ಅಣ್ಣ ಒಪ್ಪಲಿಲ್ಲ. ಇದನ್ನು ಇನ್ನೊಂದು ಸಲ ಪರೀಕ್ಷೆ ಮಾಡಬೇಕು, ಒಂದೇ ಸಲದ ಫಲಿತಾಂಶ ನಂಬಬಾರದು, ಮುಂದಿನ ವಾರ ನೋಡೋಣ ಎಂದರು. ಮುಂದಿನ ವಾರ ಮಳೆ ಹೊಯ್ಯಿತು. ಅದರ ಮುಂದಿನ ವಾರವೂ ಮಳೆ. ದಾರಿಯ ಹಿಮವೆಲ್ಲ ಕೆಸರಾಗಿ ಆ ವರ್ಷಕ್ಕೆ ಬಾಗಿಲು ಹಾಕಿದರು.

ಮರುವರ್ಷ ಹಿಮ ಬೀಳುವ ಹೊತ್ತಿಗೆ ಅಣ್ಣ ಚಮಚದಲ್ಲಿ ಊಟ ಮಾಡುತ್ತಿದ್ದರು. ಬಲಗೈಗೂ ಬಂದಿತ್ತು. ಆದರೂ ಹೊರಟೆವು. ಆ ಹೆಂಗಸು ನಮ್ಮನ್ನು ಮರೆತಿರಲಿಲ್ಲ. ನಿಮಗೆ ಇಷ್ಟವಾದ ಗಾಡಿಯನ್ನೇ ತೆಗೆದಿಟ್ಟಿದ್ದೇನೆ ಎಂದು ಖುಷಿಯಿಂದ ಹೇಳಿದಳು. ಕೈಗವಸು ತೊಡಿಸಿದ್ದು ಅತ್ತಿಗೆ. ಮೊದಲು ಸಣ್ಣ ಸುತ್ತು, ಆಮೇಲೆ ನೇರ ಮೇಲಕ್ಕೆ ಎಂದು ಹೇಳಿ ಅಣ್ಣ ಹೊರಟರು.

ಮೊದಲನೆಯ ತಿರುವನ್ನೂ ದಾಟಲಿಲ್ಲ. ಗಾಡಿ ದಾರಿ ಬಿಟ್ಟು ಪಕ್ಕದ ಹಿಮದ ಗುಡ್ಡೆಗೆ ಮೂತಿ ತೂರಿಸಿ ನಿಂತಿತು. ನಾವು ಓಡಿಹೋದೆವು. ಪೆಟ್ಟೇನೂ ಆಗಿರಲಿಲ್ಲ. ಅಣ್ಣನಿಗೆ ಸಿಟ್ಟು ಬಂದಿತ್ತು.

“ಇದು ಆ ಗಾಡಿ ಅಲ್ಲ. ಹ್ಯಾಂಡಲ್ ಬಿಗಿಯಾಗಿದೆ. ಥ್ರಾಟಲ್ ಸ್ಪ್ರಿಂಗ್ ಚೇಂಜ್ ಮಾಡಿದಾರೆ, ಕೇಳು ಬೇಕಾದ್ರೆ.”

ಕೇಳಿದೆ. ಆ ಹೆಂಗಸು ಪಾಪ, ಗಾಬರಿಯಾಗಿ ಬಗ್ಗಿ ಎಲ್ಲವನ್ನೂ ನೋಡಿದಳು. ಆಯಿಲ್ ಬಿಟ್ಟರೆ ಏನನ್ನೂ ಮುಟ್ಟಿಲ್ಲ ಎಂದಳು. ಹೋದ ವರ್ಷ ಅಣ್ಣನೇ ಪೈನ್ ಮರದ ಕೊಂಬೆಗೆ ಸವರಿ ಮಾಡಿದ ಗೀರು ಮುಂಭಾಗದಲ್ಲಿ ಹಾಗೇ ಇತ್ತು. ಅದನ್ನೂ ತೋರಿಸಿದಳು.

ನನ್ನ ಕೆಲಸದಲ್ಲಿ ಒಂದು ಪಾಠವಿದೆ. ಅಳತೆ ಇದ್ದಕ್ಕಿದ್ದಂತೆ ಕೆಟ್ಟರೆ ಬಿಡಿಭಾಗವನ್ನು ಬೈಯುವ ಮೊದಲು ಅಳೆಯುವ ಉಪಕರಣವನ್ನು ನೋಡಬೇಕು. ಆ ಕ್ಷಣ ಅದು ನೆನಪಾಗಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಣ್ಣ ಆ ಗೀರನ್ನು ನೋಡಿದರು. ತಮ್ಮ ಜಾಕೆಟ್ಟು ನೋಡಿಕೊಂಡರು, ಕೈಗವಸು ನೋಡಿಕೊಂಡರು, ದಾರಿಯ ಕಡೆ ನೋಡಿದರು. ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದರು.

“ಮಿಕ್ಕಿದ್ದೆಲ್ಲ ಹಾಗೇ ಇದೆ… ಅಲ್ವೇನಮ್ಮ?”

“ಹೌದಣ್ಣ” ಎಂದೆ. ಅವರೇ ಕಲಿಸಿದ ಲೆಕ್ಕ.

ಇಬ್ಬರು ಕೂರುವ ಗಾಡಿಯಿದೆ, ನಾನು ಓಡಿಸುತ್ತೇನೆ, ಹಿಂದೆ ಕೂತು ತುದಿಯವರೆಗೆ ಬನ್ನಿ ಎಂದೆ. ತಲೆಯಾಡಿಸಿದರು, ಬೇಡವೆಂದು. ಅತ್ತಿಗೆ ಕೈಗವಸು ಬಿಚ್ಚಿ, ಆ ಬೆರಳುಗಳನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಉಜ್ಜುತ್ತಾ ನಿಂತರು. ವಾಪಸು ಬರುವಾಗ ಕಾರಿನಲ್ಲಿ ಯಾವ ತೀರ್ಪೂ ಬರಲಿಲ್ಲ. ಪಾಸಿನ ಮೇಲೆ ಹಿಮ ಸುರಿಯುತ್ತಿತ್ತು.

ಆಮೇಲಿನದನ್ನು ಬರೆಯಲು ನನಗೆ ಮನಸ್ಸಿಲ್ಲ. ಕೈ ಹೋಯಿತು, ಕಾಲು ಹೋಯಿತು, ಮಾತು ಹೋಯಿತು… ಕಣ್ಣು ಮಾತ್ರ ಕೊನೆಯವರೆಗೂ ಎಲ್ಲವನ್ನೂ ಅಳೆಯುತ್ತಿತ್ತು. ವೈಕುಂಠ ಸಮಾರಾಧನೆಯ ದಿನ ಮೈಕು ಹಿಡಿದ ಒಬ್ಬರು, ಅವರು ಕಾಯಿಲೆಯ ಜೊತೆ ಧೈರ್ಯವಾಗಿ ಹೋರಾಡಿದರು ಎಂದರು. ಎದ್ದು ಹೊರಗೆ ಬಂದುಬಿಟ್ಟೆ. ಅಲ್ಲಿ ಹೋರಾಟ ಎಂಬುದು ಇರಲೇ ಇಲ್ಲ. ಒಬ್ಬ ಒಳ್ಳೆಯ ಮನುಷ್ಯನಿಂದ ಒಂದೊಂದೇ ಬೆರಳನ್ನು ಕಿತ್ತುಕೊಳ್ಳಲಾಯಿತು, ನಾವು ಸುತ್ತ ನಿಂತು ನೋಡಿದೆವು. ಅತ್ತಿಗೆ ಮನೆ ಮಾರಿ ಮಗಳ ಊರಿಗೆ ಹೋದರು. ಈಗ ಆ ಮನೆಯಲ್ಲಿರುವವರ ಹೆಸರೂ ನನಗೆ ಗೊತ್ತಿಲ್ಲ.

ಎಲೆ ಊದುವ ಯಂತ್ರದ ಆ ಹೊಗೆ ತಲೆಯಿಂದ ಹೋಗಲೊಲ್ಲದು. ಪಾಸಿನಲ್ಲಿ ಹಿಮ ಬಿದ್ದಿದೆ ಎಂದು ತಿಳಿದ ಮೊದಲ ಶನಿವಾರ ಒಬ್ಬಳೇ ಹೋದೆ. ಆ ಹೆಂಗಸು ಅಣ್ಣನ ಬಗ್ಗೆ ಕೇಳಿದಳು, ಹೇಳಿದೆ. ಆಕೆ ಒಳಗೆ ಹೋಗಿ ಅದೇ ಗಾಡಿಯನ್ನು ತಂದು ನಿಲ್ಲಿಸಿದಳು. ಗೀರು ಇನ್ನೂ ಇತ್ತು. ಸಣ್ಣ ಸುತ್ತನ್ನು ಬಿಟ್ಟು ನೇರವಾಗಿ ಮೇಲಕ್ಕೆ ಹೋದೆ. ತುದಿ ಮುಟ್ಟುವುದಕ್ಕೆ ಏನೂ ಹೊತ್ತು ಹಿಡಿಯಲಿಲ್ಲ. ಇಷ್ಟಕ್ಕಾಗಿ ಆ ಜೀವ ಅಷ್ಟು ಹಂಬಲಿಸಿತ್ತು. ಮೇಲೆ ಮಂಜು ಕವಿದು ಕೆರೆ ಕಾಣಲಿಲ್ಲ. ಎಂಜಿನ್ ಆರಿಸಿ, ಹ್ಯಾಂಡಲ್ ಮೇಲೆ ತಲೆಯಿಟ್ಟು ಅತ್ತೆ.

ಇಳಿಯುವಾಗ ಬೇಕೆಂದೇ ಬರೀ ಎರಡು ಬೆರಳಲ್ಲಿ ಹಿಡಿದು ನೋಡಿದೆ. ಪ್ರತಿ ತಿರುವಿನಲ್ಲೂ ಹಗುರವಾಗಿ ತಿರುಗಿತು. ಗಾಡಿಯಲ್ಲಿ ಏನೂ ದೋಷವಿರಲಿಲ್ಲ.