ಪಕ್ಕದ ಮನೆಯ ನೆಲದಡಿಗೆ ಹೋದ ನಾಯಿ

ನಮ್ಮ ಮನೆಯಲ್ಲೊಂದು ಡ್ಯಾಶ್‌ಹೌಂಡ್ ಜಾತಿಯ ನಾಯಿ ಇದೆ. ಹೆಸರನ್ನು ಹಾಗೆ ಹೇಳಬಾರದಂತೆ, ಮೊಮ್ಮಗಳು ಬೇರೇನೋ ಹೇಳಿಕೊಡುತ್ತಾಳೆ, ನನ್ನ ನಾಲಿಗೆಗೆ ಹತ್ತುವುದಿಲ್ಲ. ನಮ್ಮ ಹೊರಮಾವು ಇನ್ನೂ ಹಳ್ಳಿಯಾಗಿದ್ದಾಗ ನಾನು ಕಂಡ ನಾಯಿಗಳು ಹೊಲ ಕಾಯುತ್ತಿದ್ದವು, ಮುದ್ದೆ ಹಾಕಿದರೆ ತಿನ್ನುತ್ತಿದ್ದವು. ಇದರ ಕಾಲು ಗೇಣುದ್ದವೂ ಇಲ್ಲ, ಹೊಟ್ಟೆ ನೆಲ ಗುಡಿಸುತ್ತದೆ. ಮೊಮ್ಮಗಳು ತಂದ ದಿನ, "ಇದರ ಕಾಲು ಎಲ್ಲಿ ಬಿಟ್ಬಂದೆ?" ಎಂದು ಕೇಳಿದ್ದೆ.

ಅವಳು ಫೋನು ನೋಡಿ ಓದಿದಳು. ಜರ್ಮನಿ ದೇಶದವರು ಬೇಕೆಂದೇ ಹೀಗೆ ಬೆಳೆಸಿದ ಬೇಟೆ ನಾಯಿಯಂತೆ. ಅಲ್ಲಿ ಬ್ಯಾಡ್ಜರ್ ಎನ್ನುವ ಪ್ರಾಣಿ ಬಿಲ ತೋಡಿಕೊಂಡು ಇರುತ್ತದೆ. ಅದರ ಹಿಂದೆ ಬಿಲಕ್ಕೆ ನುಗ್ಗಲು ಗಿಡ್ಡ ಕಾಲು, ಉದ್ದ ಮೈ. ಮೇಲೆ ನಿಂತವರಿಗೆ ಕೇಳಲಿ ಎಂದು ಮೈಗೆ ಮೀರಿದ ದನಿ. ಬ್ಯಾಡ್ಜರಿನ ಫೋಟೋ ನೋಡಿದೆ. ಮುಖಕ್ಕೆ ಸುಣ್ಣದ ಪಟ್ಟೆ ಎಳೆದ ದೊಡ್ಡ ಹೆಗ್ಗಣದ ಹಾಗಿತ್ತು.

ಕೂದಲಿನಲ್ಲಿ ಮೂರು ಬಗೆ. ನಮ್ಮದು ನುಣುಪು ಕೂದಲಿನದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಉದ್ದ ಕೂದಲಿನದನ್ನು ಕಮ್ಮನಹಳ್ಳಿಯಲ್ಲಿ ನೋಡಿದ್ದೇನೆ. ಮುಡಿ ಬಿಚ್ಚಿಕೊಂಡ ಹೆಂಗಸಿನ ಹಾಗಿತ್ತು, ಅದಕ್ಕೆ ದಿನಾ ಬಾಚಬೇಕು. ಒರಟು ಕೂದಲಿನದಕ್ಕೆ ಗಡ್ಡ ಮೀಸೆ ಎರಡೂ ಇರುತ್ತವೆ, ಅದನ್ನು ಕಂಡಿದ್ದು ಫೋನಿನಲ್ಲಿ ಮಾತ್ರ. ಯಾವ ಕೂದಲಾದರೂ ಜೋತ ಕಿವಿಯ ಒಳಗೆ ಒರೆಸಬೇಕು, ಉಗುರು ಕತ್ತರಿಸಬೇಕು, ದಪ್ಪವಾಗಲು ಬಿಡಬಾರದು. ಎಲ್ಲಕ್ಕಿಂತ ಬೆನ್ನು ನೋಡಿಕೊಳ್ಳಬೇಕು. ಹೋದ ವರ್ಷ ಇದು ಸೋಫಾದಿಂದ ಹಾರಿ, ಹಿಂದಿನ ಎರಡು ಕಾಲನ್ನೂ ಎಳೆದುಕೊಂಡು ಓಡಾಡಿತು. ಹೇಗೋ ಗುಣವಾಯಿತು. ಇನ್ನೊಂದು ಸಲ ಬೆನ್ನಿಗೆ ಪೆಟ್ಟಾದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಈ ಚಳಿಗಾಲದಲ್ಲಿ ಬೀದಿಯ ಸಾಕುನಾಯಿಗಳಿಗೆಲ್ಲ ಸ್ವೆಟರ್ ಬಂತು. ಮೊಮ್ಮಗಳೂ ಒಂದು ಕೆಂಪು ಸ್ವೆಟರ್ ತಂದು ತೊಡಿಸಿದಳು. ರಾಗಿ ಹೊಲವಿದ್ದಾಗ ಇಲ್ಲಿ ಇಲಿಗಳಿದ್ದವು, ಮೋರಿ ಬಂದ ಮೇಲೆ ಹೆಗ್ಗಣ ಬಂದವು. ಸ್ವೆಟರ್ ತೊಟ್ಟ ಬೆಳಿಗ್ಗೆಯೇ ನಾಯಿ ಕಾಂಪೌಂಡಿನ ಬುಡದ ಹೆಗ್ಗಣದ ಬಿಲಕ್ಕೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ನೆಲದಡಿಯಿಂದ ಬೊಗಳುವುದು ಕೇಳಿತು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಬರೀ ಮೈಯಾಗಿದ್ದರೆ ಜಾರಿಕೊಂಡು ಬರುತ್ತಿತ್ತು. ಸ್ವೆಟರ್ ಎಲ್ಲೋ ಸಿಕ್ಕಿಕೊಂಡಿದೆ ಎಂದು ತಿಳಿಯಿತು. ಹಾಗೇ ಬಿಟ್ಟರೆ ಉಸಿರುಗಟ್ಟಿ ಸಾಯುತ್ತದೆ.

ಪಕ್ಕದ ಮನೆಯವನು ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಕಾರು ನಿಲ್ಲಿಸುವ ಜಾಗಕ್ಕೆ ಹೊಸದಾಗಿ ಗ್ರಾನೈಟ್ ಹಾಕಿಸಿದ್ದ.

"ಒಂದು ಕಲ್ಲು ಕೀಳಪ್ಪಾ," ಎಂದೆ.

"ಯಾವ್ ಕಲ್ಲಮ್ಮಾ? ಎಲ್ಲಾ ಕಲ್ಲಿನ ಕೆಳ್ಗೂ ಬೊಗಳ್ತಿದೆ!"

"ಹಂಗಾದ್ರೆ ಎಲ್ಲಾನೂ ಕೀಳು."

"ನಿಮ್ಗೇನು, ಹೇಳ್ಬಿಡ್ತೀರ. ಇದ್ರ ಮೇಲೆ ಇನ್ನೂ ಕಾರೇ ನಿಲ್ಸಿಲ್ಲ ನಾನು. ಹೋದ ದಾರೀಲೇ ಬರುತ್ತೆ ಬಿಡಿ."

"ಬರೋ ಹಂಗಿದ್ದಿದ್ರೆ ನಿನ್ನ ಮುಖ ಯಾಕೆ ನೋಡ್ತಿದ್ದೆ?"

ಮೊಮ್ಮಗಳು ಬಿಲದ ಬಾಯಿಗೆ ಬಿಸ್ಕತ್ತು ಹಿಡಿದು ಕರೆದಳು. ಪ್ರಯೋಜನವಾಗಲಿಲ್ಲ. ಬೊಗಳುವ ದನಿ ಸಣ್ಣಗಾಯಿತು, ಆಮೇಲೆ ಬರೀ ನರಳಾಟ. ಪಕ್ಕದ ಮನೆಯವನು ಮಂಡಿಯೂರಿ ಕಲ್ಲಿಗೆ ಕಿವಿ ಇಟ್ಟ, ಇನ್ನೊಂದಕ್ಕೆ ಇಟ್ಟ, ಹಾಗೇ ಗೇಟಿನವರೆಗೂ ತೆವಳಿದ. "ಇಲ್ಲೇ ಇದೆ," ಎಂದು ಎದ್ದು ಹೋಗಿ ಹಾರೆ ತಂದ. ಕಲ್ಲು ಎರಡು ಹೋಳಾಯಿತು.

ಮಣ್ಣು ಬಗೆದಾಗ ಕೆಂಪು ಉಣ್ಣೆ ಕಂಡಿತು. ಮುರಿದ ಪೈಪಿನ ಅಂಚಿಗೆ ಸಿಕ್ಕಿಕೊಂಡಿತ್ತು. ಮೊಮ್ಮಗಳು ಕತ್ತರಿಯಿಂದ ಬಿಡಿಸಿದಳು. ಅವನು ನಾಯಿಯ ಕತ್ತಿಗೆ ಕೈ ಹಾಕಿದ.

"ಎಳೀಬೇಡಪ್ಪಾ, ಬೆನ್ನು ಹೋಗುತ್ತೆ! ಎದೆ ಕೆಳಗೊಂದು ಕೈ, ತಿಕದ ಕೆಳಗೊಂದು ಕೈ. ಮಕ್ಕಳನ್ನ ಎತ್ತಿಲ್ವಾ ನೀನು?"

"ಎತ್ತಿದ್ದೀನಮ್ಮಾ. ರೈಲು ಬೋಗಿ ಎತ್ತಿಲ್ಲ."

ಆದರೂ ನಾನು ಹೇಳಿದ ಹಾಗೆಯೇ ಎತ್ತಿ ನೆಲಕ್ಕಿಟ್ಟ. ಮುಂಗಾಲು ಊರಿತು. ಹಿಂಗಾಲು ಮಡಚಿಕೊಂಡೇ ಇದ್ದವು. ಮೊಮ್ಮಗಳು ಅಳಲು ಶುರುಮಾಡಿದಳು.

"ತಾಳೇ, ನೋಡೋಣ," ಎಂದೆ.

ಒಂದು ಹಿಂಗಾಲು ನೆಟ್ಟಗಾಯಿತು. ತಡೆದು ಇನ್ನೊಂದೂ ಊರಿತು. ನಾಯಿ ಮೈ ಕೊಡವಿ ಮಣ್ಣನ್ನೆಲ್ಲ ನಮ್ಮ ಮುಖಕ್ಕೆ ಹಾರಿಸಿತು.

"ಕಾಲು ಎಳೀತಿದ್ಯಾಮ್ಮಾ?" ಎಂದ ಅವನು, ಕಣ್ಣೊರೆಸಿಕೊಳ್ಳುತ್ತ.

"ಎಳೀತಿಲ್ಲ. ಮತ್ತೆ ಗುಂಡಿಗೆ ಹೊರಟಿದೆ, ಹಿಡ್ಕೋ."